ವಿಡಿಯೊ ಫೈಲಿನ ಒಳಗೆ ಅಡಗಿದ್ದನ್ನು ಹುಡುಕುವುದು ಹೇಗೆ?

2025ರ ಜುಲೈನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಒಂದು ಸಿಸಿಟಿವಿ ವಿಡಿಯೊ ಬಿಡುಗಡೆ ಮಾಡಿತು. 2019ರಲ್ಲಿ, ಲೈಂಗಿಕ ಅಪರಾಧಗಳ ಆರೋಪದಲ್ಲಿ ಜೈಲಿನಲ್ಲಿದ್ದ ಜೆಫ್ರಿ ಎಪ್‌ಸ್ಟೀನ್ ಸತ್ತ ರಾತ್ರಿ ನ್ಯೂಯಾರ್ಕಿನ ಜೈಲಿನಲ್ಲಿ ರೆಕಾರ್ಡ್ ಆಗಿದ್ದ, ಸುಮಾರು 11 ಗಂಟೆಯ ವಿಡಿಯೊ ಅದು. ಇಲಾಖೆ ಅದನ್ನು ‘ಕಚ್ಚಾ’ ವಿಡಿಯೊ ಎಂದು ಕರೆದಿತ್ತು. ವೈರ್ಡ್ ಪತ್ರಿಕೆಯವರು ಚಿತ್ರ ನೋಡಿ ಸುಮ್ಮನಾಗಲಿಲ್ಲ. ಫೈಲಿನ ಒಳಗಿದ್ದ ಮೆಟಾಡೇಟಾ, ಅಂದರೆ ಫೈಲು ತನ್ನ ಬಗ್ಗೆಯೇ ಬರೆದಿಟ್ಟುಕೊಂಡ ಮಾಹಿತಿ, ತೆರೆದು ಓದಿದರು. ಅಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಗುರುತು ಇತ್ತು. ಎರಡು ಕ್ಲಿಪ್ ಜೋಡಿಸಿದ್ದು, ಹಲವು ಸಲ ಸೇವ್ ಮಾಡಿದ್ದು, ಒಂದು ಕ್ಲಿಪ್ಪಿನಿಂದ ಸುಮಾರು 2 ನಿಮಿಷ 53 ಸೆಕೆಂಡ್ ಬಿಟ್ಟಿದ್ದು, ಎಲ್ಲದರ ಸುಳಿವೂ ಅಲ್ಲೇ ಸಿಕ್ಕಿತು.

ಹಾಗಾದರೆ ಏನನ್ನೋ ಮುಚ್ಚಿಟ್ಟರು ಎಂದು ಸಾಬೀತಾಯಿತಾ? ಇಲ್ಲ. ಬಿಟ್ಟ ಭಾಗದಲ್ಲಿ ಏನಿತ್ತು, ಯಾಕೆ ಬಿಟ್ಟರು ಎಂದು ಮೆಟಾಡೇಟಾ ಹೇಳುವುದಿಲ್ಲ. ಈ ಫೈಲು ಕ್ಯಾಮೆರಾದಿಂದ ನೇರವಾಗಿ ಬಂದದ್ದಲ್ಲ, ಎಡಿಟಿಂಗ್ ಸಾಫ್ಟ್‌ವೇರ್ ದಾಟಿ ಬಂದಿದೆ ಎಂದಷ್ಟೇ ಅದು ಹೇಳುತ್ತದೆ. ಫೈಲು ಹೇಳಿದ್ದೆಷ್ಟು, ನಾವು ಊಹಿಸಿದ್ದೆಷ್ಟು ಎಂದು ಬೇರೆ ಮಾಡಿ ಇಡುವುದೇ ಈ ಕೆಲಸದ ಜೀವ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ, ಯಾಕಂದರೆ ಒಂದು ವಿಡಿಯೊ ನೋಡಿ ಯಾರದೋ ಮಾನ ಹೋಗುವುದು, ಯಾರದೋ ಮೇಲೆ ಕೇಸ್ ಆಗುವುದು ಈಗ ದಿನದ ಮಾತಾಗಿದೆ.

ಇಲ್ಲಿ ಹೇಳುವ ಎಲ್ಲ ಸಾಧನಗಳೂ ಉಚಿತ. ಮನೆಯ ಲ್ಯಾಪ್‌ಟಾಪ್ ಸಾಕು.

ಮೊದಲು ಮೂಲ ಫೈಲು ಕೈಗೆ ಬರಲಿ

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಒಮ್ಮೆ ಕಳ್ಳತನವಾಯಿತು. ಅಂಗಡಿಯವರು ಸಿಸಿಟಿವಿ ಪರದೆಯನ್ನು ಫೋನಿನಲ್ಲಿ ಶೂಟ್ ಮಾಡಿ, ಅದನ್ನು ವಾಟ್ಸಾಪ್‌ನಲ್ಲಿ ನನಗೆ ಕಳಿಸಿದರು. “ಅಕ್ಕಾ, ವಿಡಿಯೊ ಫೋನಲ್ಲೇ ಇದೆಯಲ್ಲ, ಸಾಕಲ್ವಾ?” ಎಂದು ಕೇಳಿದರು. ಸಾಕಾಗಲಿಲ್ಲ. ಅದು ಪರದೆಯ ವಿಡಿಯೊ, ಕ್ಯಾಮೆರಾದ ವಿಡಿಯೊ ಅಲ್ಲ. ನಾವು ಡಿವಿಆರ್, ಅಂದರೆ ಕ್ಯಾಮೆರಾದ ವಿಡಿಯೊ ಉಳಿಸಿಡುವ ಯಂತ್ರ, ತೆರೆಯುವ ಹೊತ್ತಿಗೆ ಅದು ಹಳೆಯದರ ಮೇಲೆ ಹೊಸದನ್ನು ಬರೆದುಬಿಟ್ಟಿತ್ತು. ಡಿಸ್ಕ್ ತುಂಬಿದಾಗ ಹಳೆಯದನ್ನು ಅಳಿಸುತ್ತಾ ಹೋಗುವುದು ಡಿವಿಆರ್‌ನ ಸ್ವಭಾವ.

ಹಾಗಾಗಿ ಸಿಸಿಟಿವಿ ಆದರೆ ತಡ ಮಾಡಬೇಡಿ. ಡಿವಿಆರ್‌ನಿಂದ ನೇರವಾಗಿ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ. ಯಂತ್ರದ ಸ್ವಂತ ಫಾರ್ಮ್ಯಾಟ್‌ನಲ್ಲಿ ಕೊಡುವ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಅದನ್ನು ತೆರೆಯುವ ಪ್ಲೇಯರನ್ನೂ ಜೊತೆಗೆ ತೆಗೆದುಕೊಳ್ಳಿ. ಇನ್ನೊಂದು ಸಣ್ಣ ಕೆಲಸ: ಡಿವಿಆರ್ ತೋರಿಸುವ ಗಡಿಯಾರವನ್ನೂ ನಿಮ್ಮ ಫೋನಿನ ಗಡಿಯಾರವನ್ನೂ ಪಕ್ಕಪಕ್ಕ ಇಟ್ಟು ಒಂದು ಫೋಟೊ ತೆಗೆಯಿರಿ. ಡಿವಿಆರ್ 7 ನಿಮಿಷ ಮುಂದಿದ್ದರೆ ವಿಡಿಯೊದ ಎಲ್ಲ ಸಮಯವೂ 7 ನಿಮಿಷ ತಪ್ಪಾಗಿರುತ್ತದೆ. ಇದನ್ನು ಆಮೇಲೆ ಪತ್ತೆ ಮಾಡುವುದು ಕಷ್ಟ.

ಫೋನಿನ ವಿಡಿಯೊ ಆದರೆ, ತೆಗೆದವರಿಗೆ ಒಂದೇ ಮಾತು ಹೇಳಿ: ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ವಿಡಿಯೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸಿ ಹೊಸ ಫೈಲು ಮಾಡುತ್ತದೆ. ಫೋನಿನ ಮಾಡೆಲ್, ತೆಗೆದ ಜಾಗ ಎಲ್ಲ ಹೋಗುತ್ತವೆ. ಡಾಕ್ಯುಮೆಂಟ್ ಎಂದರೆ ಫೈಲು ಇದ್ದ ಹಾಗೇ ಬರುತ್ತದೆ. ವಾಟ್ಸಾಪ್ ವಿಡಿಯೊಗಳ ಹೆಸರಿನಲ್ಲಿ ಒಂದು ತಾರೀಖು ಇರುತ್ತದಲ್ಲ, ಅದನ್ನು ನೋಡಿ ತೆಗೆದ ದಿನ ಎಂದುಕೊಳ್ಳುವವರು ಜಾಸ್ತಿ. ಅದು ಆ ಫೋನಿಗೆ ವಿಡಿಯೊ ಬಂದ ಅಥವಾ ಅಲ್ಲಿಂದ ಹೋದ ದಿನ. ಐದು ವರ್ಷ ಹಳೆಯ ವಿಡಿಯೊ ಇವತ್ತು ಬಂದರೂ ಹೆಸರಿನಲ್ಲಿ ಇವತ್ತಿನ ತಾರೀಖೇ ಇರುತ್ತದೆ.

ಬೆರಳಚ್ಚು ತೆಗೆದು, ನಕಲಿನ ಮೇಲೆ ಕೆಲಸ

ಮೂಲ ಫೈಲನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟು ಅದರ ಹ್ಯಾಶ್ ತೆಗೆಯಿರಿ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. 7-ಜಿಪ್ ಎಂಬ ಜಿಪ್ ಫೈಲು ತೆರೆಯುವ ತಂತ್ರಾಂಶ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಅಲ್ಲೇ ಎಸ್‌ಎಚ್‌ಎ-256 ಆಯ್ಕೆ ಸಿಗುತ್ತದೆ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಫೈಲಿನ ನಕಲು ಮಾಡಿ, ನಕಲಿನ ಹ್ಯಾಶ್ ಕೂಡ ಅದೇ ಬರುತ್ತದೆಯಾ ನೋಡಿ. ಮುಂದಿನ ಎಲ್ಲ ಪರೀಕ್ಷೆ ಈ ನಕಲಿನ ಮೇಲೆ ಮಾತ್ರ.

ಇದು ಸುಮ್ನೆ ಶಿಸ್ತಿಗಾಗಿ ಹೇಳುವ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ವಿಷಯ ಕೋರ್ಟಿಗೆ ಹೋಗುವಂಥದ್ದಾದರೆ ಮೂಲ ಫೋನು ಅಥವಾ ಡಿವಿಆರನ್ನು ಪೊಲೀಸರಿಗೆ ಒಪ್ಪಿಸುವುದೇ ಸರಿ. ಅವರು ಅದನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನೀವು ಮನೆಯಲ್ಲಿ ಮಾಡುವ ಪರೀಕ್ಷೆ ಅದಕ್ಕೆ ಬದಲಿಯಲ್ಲ.

ಮೆಟಾಡೇಟಾ ಓದುವುದು

ಮೀಡಿಯಾಇನ್ಫೊ ಎಂಬ ಸಣ್ಣ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ನಕಲನ್ನು ತೆರೆಯಿರಿ. ನೋಟವನ್ನು ‘ಟ್ರೀ’ ಅಥವಾ ‘ಟೆಕ್ಸ್ಟ್’ ಮಾಡಿಕೊಳ್ಳಿ. ಜೊತೆಗೆ ಎಕ್ಸಿಫ್‌ಟೂಲ್ ಕೂಡ ಬೇಕು. ವಿಂಡೋಸ್‌ನಲ್ಲಿ ಅದರ ಐಕಾನ್ ಮೇಲೆ ವಿಡಿಯೊವನ್ನು ಎಳೆದು ಬಿಟ್ಟರೆ ಸಾಕು, ಉದ್ದದ ಪಟ್ಟಿ ತೆರೆದುಕೊಳ್ಳುತ್ತದೆ. ಗುರುತಿಲ್ಲದ ವೆಬ್‌ಸೈಟ್‌ಗೆ ವಿಡಿಯೊ ಅಪ್‌ಲೋಡ್ ಮಾಡಿ ಪರೀಕ್ಷಿಸಬೇಡಿ. ಬೇರೆಯವರ ಖಾಸಗಿ ವಿಡಿಯೊ ಆಗಿದ್ದರಂತೂ ಬೇಡವೇ ಬೇಡ.

ಮೊದಲು ಸಮಯ. ಎಂಪಿ4 ಫೈಲುಗಳ ಒಳಗಿನ ಗಡಿಯಾರ 1904ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತದೆ. ಆಪಲ್‌ನ ಕ್ವಿಕ್‌ಟೈಮ್‌ನಿಂದ ಬಂದ ಪದ್ಧತಿ ಇದು. ಸಮಯ ಬರೆಯಬೇಕಾದ ಜಾಗದಲ್ಲಿ ಸೊನ್ನೆ ಇದ್ದರೆ ಕೆಲವು ಸಾಧನಗಳು ‘1904’ ಎಂದೇ ತೋರಿಸುತ್ತವೆ. ಗಾಬರಿಯಾಗಬೇಡಿ, ಯಾವುದೋ ಸಾಫ್ಟ್‌ವೇರ್ ಆ ಜಾಗವನ್ನು ಖಾಲಿ ಬಿಟ್ಟಿದೆ ಎಂದಷ್ಟೇ ಅರ್ಥ. ಇನ್ನೊಂದು, ಈ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಇರಬೇಕು ಎಂಬುದು ನಿಯಮ. ಬೆಳಿಗ್ಗೆ 9:15ಕ್ಕೆ ಲಾಲ್‌ಬಾಗ್‌ನಲ್ಲಿ ತೆಗೆದ ವಿಡಿಯೊ ಒಳಗೆ 3:45 ಎಂದು ಇರುತ್ತದೆ. ಐದೂವರೆ ಗಂಟೆ ಸೇರಿಸಿಕೊಳ್ಳಿ. ಆದರೆ ಕೆಲವು ಕ್ಯಾಮೆರಾಗಳು ನಿಯಮ ಬಿಟ್ಟು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಕೆಲವು ಫೋನುಗಳು ರೆಕಾರ್ಡಿಂಗ್ ಶುರುವಾದ ಸಮಯದ ಬದಲು ಮುಗಿದ ಸಮಯ ಬರೆಯುತ್ತವೆ. ಅದೇ ಮಾಡೆಲ್ ಫೋನಿನಲ್ಲಿ ಒಂದು ವಿಡಿಯೊ ತೆಗೆದು ಹೋಲಿಸಿ ನೋಡಿದರೆ ಮಾತ್ರ ಇದು ಖಚಿತವಾಗುತ್ತದೆ.

ವಿಂಡೋಸ್ ತೋರಿಸುವ ‘ಕ್ರಿಯೇಟೆಡ್’ ತಾರೀಖನ್ನು ಇದರ ಜೊತೆ ಬೆರೆಸಬೇಡಿ. ಫೈಲನ್ನು ನೀವು ಕಾಪಿ ಮಾಡಿದ ಕ್ಷಣವೇ ಅಲ್ಲಿ ‘ಕ್ರಿಯೇಟೆಡ್’ ಆಗುತ್ತದೆ. ‘ಮಾಡಿಫೈಡ್’ ಅದಕ್ಕಿಂತ ಹಳೆಯದಾಗಿರುವುದು ಮಾಮೂಲು.

ಆಮೇಲೆ ಜಾಗ. ಫೋನಿನ ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ ಫೈಲಿನಲ್ಲೇ ಇರುತ್ತವೆ. ಲಾಲ್‌ಬಾಗ್ ಆದರೆ +12.95, +77.58ರ ಆಸುಪಾಸು. ಅದನ್ನು ನಕಾಶೆಯಲ್ಲಿ ಹಾಕಿ ನೋಡಿ, ವಿಡಿಯೊದಲ್ಲಿ ಕಾಣುವ ಬೋರ್ಡು, ಕಟ್ಟಡಗಳ ಜೊತೆ ತಾಳೆ ನೋಡಿ. ಎರಡೂ ಒಪ್ಪಿದರೆ ಮಾತ್ರ ನಂಬಿ, ಯಾಕಂದರೆ ಈ ಅಂಕಿಗಳನ್ನು ಯಾರು ಬೇಕಾದರೂ ಬದಲಿಸಬಹುದು. ನಿಮ್ಮದೇ ಮನೆಯಲ್ಲಿ ತೆಗೆದ ಮಕ್ಕಳ ವಿಡಿಯೊವನ್ನು ಡಾಕ್ಯುಮೆಂಟ್ ಎಂದು ಕಳಿಸುವಾಗಲೂ ಇದು ನೆನಪಿರಲಿ. ಮನೆಯ ವಿಳಾಸವೇ ಅದರ ಜೊತೆ ಹೋಗುತ್ತದೆ.

ಮೂರನೆಯದು, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು, ಫೈಲನ್ನು ಬರೆದ ಸಾಫ್ಟ್‌ವೇರಿನ ಹೆಸರು. ಮೀಡಿಯಾಇನ್ಫೊದಲ್ಲಿ ‘ರೈಟಿಂಗ್ ಅಪ್ಲಿಕೇಶನ್’, ‘ರೈಟಿಂಗ್ ಲೈಬ್ರರಿ’ ಎಂಬ ಸಾಲುಗಳನ್ನು ಹುಡುಕಿ. ಅಲ್ಲಿ ‘ಲಾವ್ಫ್’ ಎಂದು ಶುರುವಾಗುವ ಹೆಸರಿದ್ದರೆ ಫೈಲು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತನೆಯ ಸಾಧನವನ್ನು ದಾಟಿದೆ. ‘ಹ್ಯಾಂಡ್‌ಬ್ರೇಕ್’ ಇದ್ದರೆ ಆ ಹೆಸರಿನದೇ ಪರಿವರ್ತಕವನ್ನು ದಾಟಿದೆ. ವಿಡಿಯೊ ಕುಗ್ಗಿಸುವ ‘ಎಕ್ಸ್264’ ಹೆಸರು ಇದ್ದರೆ ಅದರ ಪಕ್ಕದಲ್ಲಿ ಕುಗ್ಗಿಸಲು ಬಳಸಿದ ಸೆಟ್ಟಿಂಗ್‌ಗಳ ಉದ್ದನೆಯ ಪಟ್ಟಿಯೇ ಇರಬಹುದು. ಫೋನಿನಿಂದ ನೇರವಾಗಿ ಬಂತು ಎಂದು ಹೇಳುವ ಫೈಲಿನಲ್ಲಿ ಇವು ಇದ್ದರೆ ‘ನೇರವಾಗಿ’ ಎಂಬ ಮಾತು ನಿಲ್ಲುವುದಿಲ್ಲ. ಹಾಗೆಂದು ಮೋಸ ಎಂದೂ ಅಲ್ಲ. ಫೈಲು ದೊಡ್ಡದಾಯಿತು ಎಂದು ಚಿಕ್ಕದು ಮಾಡಿ ಕಳಿಸಿರಬಹುದು. ಪ್ರೀಮಿಯರ್‌ನಂಥ ಸಾಫ್ಟ್‌ವೇರ್ ಬಳಸಿದ್ದರೆ ಎಕ್ಸಿಫ್‌ಟೂಲ್‌ನ ಪಟ್ಟಿಯಲ್ಲಿ ‘ಎಕ್ಸ್‌ಎಂಪಿ’ ಎಂಬ ಭಾಗ ನೋಡಿ. ಬಳಸಿದ ಕ್ಲಿಪ್‌ಗಳ ಹೆಸರು, ಸೇವ್ ಮಾಡಿದ ಸಮಯ ಅಲ್ಲಿ ಉಳಿದಿರಬಹುದು. ಎಪ್‌ಸ್ಟೀನ್ ವಿಡಿಯೊದಲ್ಲಿ ಉಳಿದಿದ್ದ ಸುಳಿವುಗಳೂ ಇಂಥವೇ.

ಪೆಟ್ಟಿಗೆಗಳನ್ನು ಎಣಿಸುವುದು

ಎಂಪಿ4 ಫೈಲು ಒಂದರ ಪಕ್ಕ ಒಂದು ಜೋಡಿಸಿಟ್ಟ ಪೆಟ್ಟಿಗೆಗಳ ಸಾಲು. ಪ್ರತಿ ಪೆಟ್ಟಿಗೆಯ ಮೊದಲ 4 ಬೈಟ್ ಅದರ ಗಾತ್ರ, ಮುಂದಿನ 4 ಬೈಟ್ ಅದರ ಹೆಸರು. ಮೊದಲನೆಯದು ಸಾಮಾನ್ಯವಾಗಿ ‘ಎಫ್‌ಟೈಪ್’, ಫೈಲಿನ ಜಾತಿ ಹೇಳುತ್ತದೆ. ‘ಎಂಡ್ಯಾಟ್’ ಎಂಬುದರಲ್ಲಿ ಚಿತ್ರ, ಧ್ವನಿ ಇರುತ್ತವೆ. ‘ಮೂವ್’ ಎಂಬುದು ಯಾವ ಫ್ರೇಮ್ ಎಲ್ಲಿದೆ ಎಂದು ಹೇಳುವ ಸೂಚಿ. ಜಿಪ್ಯಾಕ್ ತಂಡದ ಎಂಪಿ4ಬಾಕ್ಸ್ ಬಳಸಿದರೆ ಈ ಪೆಟ್ಟಿಗೆಗಳ ಪಟ್ಟಿ ಸಿಗುತ್ತದೆ. ಫೈಲಿನ ಬೈಟ್‌ಗಳನ್ನೇ ತೋರಿಸುವ, ಎಚ್‌ಎಕ್ಸ್‌ಡಿಯಂಥ ಹೆಕ್ಸ್ ಎಡಿಟರ್‌ನಲ್ಲಿ ಕಣ್ಣಾರೆ ನೋಡಬಹುದು.

ಪ್ಲೇಯರ್‌ಗೆ ಬೇಕಾದದ್ದು ಸೂಚಿಯಲ್ಲಿ ಇರುವ ಫ್ರೇಮುಗಳು ಮಾತ್ರ. ಸೂಚಿಯಲ್ಲಿ ಇಲ್ಲದ್ದನ್ನು ಅದು ತಿರುಗಿಯೂ ನೋಡುವುದಿಲ್ಲ. ಅಡಗಿಸುವವರಿಗೆ ಇದೇ ಅನುಕೂಲ. ಫೈಲಿನ ಕೊನೆಗೆ ಒಂದು ಜಿಪ್ ಅಂಟಿಸಿದರೂ ವಿಡಿಯೊ ಎಂದಿನಂತೆ ಓಡುತ್ತದೆ. ಜಿಪ್ ಫೈಲನ್ನು ಕೊನೆಯಿಂದ ಓದುವುದರಿಂದ ಆ ಜಿಪ್ ಕೂಡ ತೆರೆದುಕೊಳ್ಳುತ್ತದೆ!

ಹುಡುಕುವುದು ಹೇಗೆ? ಮೊದಲು ಲೆಕ್ಕ ಹಾಕಿ. 8 ಬಿಟ್ ಎಂದರೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 10 ಮೆಗಾಬಿಟ್ ವೇಗದ, ಒಂದು ನಿಮಿಷದ ವಿಡಿಯೊ 75 ಎಂಬಿ ಆಸುಪಾಸು ಇರಬೇಕು. ಫೈಲು 200 ಎಂಬಿ ಇದ್ದರೆ ಉಳಿದ 125 ಎಂಬಿ ಏನು? ಮೀಡಿಯಾಇನ್ಫೊದ ‘ಸ್ಟ್ರೀಮ್ ಸೈಜ್’ ಸಾಲು ಚಿತ್ರ, ಧ್ವನಿ ಒಟ್ಟು ಫೈಲಿನ ಎಷ್ಟು ಪ್ರತಿಶತ ಎಂದು ಹೇಳುತ್ತದೆ. ಎರಡೂ ಸೇರಿ 99ರ ಹತ್ತಿರ ಇದ್ದರೆ ಸರಿ. 40 ಇದ್ದರೆ ಅಗೆಯಲು ಕಾರಣ ಸಿಕ್ಕಿತು.

ಆಮೇಲೆ ಹೆಕ್ಸ್ ಎಡಿಟರ್‌ನಲ್ಲಿ ಸಹಿಗಳನ್ನು, ಅಂದರೆ ಪ್ರತಿ ಜಾತಿಯ ಫೈಲಿನ ಆರಂಭದಲ್ಲಿ ಇರುವ ನಿಗದಿತ ಬೈಟ್‌ಗಳನ್ನು, ಹುಡುಕಿ. ಜಿಪ್ ಫೈಲಿನ ಸಹಿ 50 4ಬಿ 03 04. ಮೊದಲ ಎರಡು ಬೈಟ್ ಅಂದರೆ ಪಿ, ಕೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಇಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. ಕುಗ್ಗಿಸಿದ ವಿಡಿಯೊದ ಬೈಟ್‌ಗಳು ನೋಡಲು ಅಡ್ಡಾದಿಡ್ಡಿಯಾಗಿ ಇರುತ್ತವೆ. ಎರಡು ಬೈಟ್‌ನ ಸಹಿ ಅಲ್ಲಿ ಸರಾಸರಿ 65,536 ಬೈಟ್‌ಗೆ ಒಂದು ಸಲ ತಾನಾಗಿಯೇ ಬರುತ್ತದೆ. ಅಂದರೆ 100 ಎಂಬಿ ಫೈಲಿನಲ್ಲಿ ಸುಮಾರು 1,600 ಸಲ! ಜೆಪೆಗ್ ಚಿತ್ರದ ಮೂರು ಬೈಟ್ ಸಹಿಯೂ ಆರು ಸಲ ಸಿಕ್ಕರೆ ಆಶ್ಚರ್ಯವಿಲ್ಲ. ನಾಲ್ಕು ಬೈಟ್ ಪೂರ್ತಿ ಹೊಂದಿದರೆ ಮಾತ್ರ ಅದಕ್ಕೆ ಬೆಲೆ. ಅದು ಕೊನೆಯ ಪೆಟ್ಟಿಗೆ ಮುಗಿದ ಮೇಲೆ ಇದ್ದರೆ ಇನ್ನೂ ಬೆಲೆ. ಆಗ ನಕಲನ್ನು 7-ಜಿಪ್‌ನಲ್ಲಿ ತೆರೆದು ನೋಡಿ. ಒಳಗೆ ಓಡಿಸುವಂಥ ಪ್ರೋಗ್ರಾಂ ಇದ್ದರೆ ಮುಟ್ಟಬೇಡಿ.

ಇದು ಬರೀ ಕಾಲ್ಪನಿಕ ಭಯವಲ್ಲ. 2011ರ ಮೇ ತಿಂಗಳಲ್ಲಿ ಬರ್ಲಿನ್ ಪೊಲೀಸರು ಆಸ್ಟ್ರಿಯಾದ ಒಬ್ಬ ಯುವಕನನ್ನು ಹಿಡಿದರು. ಒಳಉಡುಪಿನಲ್ಲಿ ಮೆಮೊರಿ ಕಾರ್ಡ್ ಬಚ್ಚಿಟ್ಟುಕೊಂಡಿದ್ದ. ಅದರಲ್ಲಿ ಪಾಸ್‌ವರ್ಡ್ ಹಾಕಿದ ಫೋಲ್ಡರ್, ಒಳಗೆ ಒಂದು ಅಶ್ಲೀಲ ವಿಡಿಯೊ. ತನಿಖೆಯವರು ವಾರಗಟ್ಟಲೆ ಕೂತು ಬಿಡಿಸಿದಾಗ ಆ ವಿಡಿಯೊದ ಒಳಗೆ ಅಲ್‌ಖೈದಾಕ್ಕೆ ಸೇರಿದ 141 ಪಠ್ಯ ಫೈಲುಗಳು ಸಿಕ್ಕವು. ಅದು 2012ರಲ್ಲಿ ಸುದ್ದಿಯಾಯಿತು.

ಅಡಗಿಸಿದ್ದು ಗೂಢಲಿಪಿಯಲ್ಲಿ ಇದ್ದರೆ ಯಾವ ಸಹಿಯೂ ಕಾಣುವುದಿಲ್ಲ. ಆಗ ಗಾತ್ರದ ಲೆಕ್ಕ ತಪ್ಪಿದ್ದೊಂದೇ ನಿಮ್ಮ ಕೈಯಲ್ಲಿರುವ ಸುಳಿವು.

ಕತ್ತರಿಸಿದರೂ ಉಳಿದುಕೊಂಡ ಭಾಗ

ಇದು ತುಂಬ ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕು. ವಿಡಿಯೊದಲ್ಲಿ ಎಲ್ಲ ಫ್ರೇಮೂ ಪೂರ್ಣ ಚಿತ್ರವಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ಅದನ್ನು ಕೀಫ್ರೇಮ್ ಎನ್ನುತ್ತಾರೆ. ನಡುವಿನವು ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತು ಎಂದಷ್ಟೇ ಹೇಳುತ್ತವೆ. ಮತ್ತೆ ಕುಗ್ಗಿಸದೆ, ಬೇಗನೆ ಟ್ರಿಮ್ ಮಾಡುವ ಸಾಧನಗಳು ಕೀಫ್ರೇಮ್‌ನಿಂದಲೇ ಶುರು ಮಾಡಬೇಕು. ನೀವು ಕತ್ತರಿಸಬೇಕು ಎಂದ ಜಾಗ ಎರಡು ಕೀಫ್ರೇಮ್‌ಗಳ ನಡುವೆ ಬಿದ್ದರೆ ಅವು ಹಿಂದಿನ ಕೀಫ್ರೇಮ್‌ನಿಂದ ಎಲ್ಲವನ್ನೂ ಇಟ್ಟುಕೊಳ್ಳುತ್ತವೆ. ಜೊತೆಗೆ ‘ಮೊದಲ ಇಷ್ಟು ಸೆಕೆಂಡ್ ತೋರಿಸಬೇಡ’ ಎಂಬ ಚೀಟಿಯನ್ನು ಮೂವ್ ಪೆಟ್ಟಿಗೆಯಲ್ಲಿ ಬರೆದಿಡುತ್ತವೆ. ಅದಕ್ಕೆ ಎಡಿಟ್ ಲಿಸ್ಟ್ ಎಂದು ಹೆಸರು. ಪ್ಲೇಯರ್ ಚೀಟಿಯ ಮಾತು ಕೇಳುತ್ತದೆ. ನಮಗೆ ಆ ಭಾಗ ಹೋಯಿತು ಅನಿಸುತ್ತದೆ. ಅದು ಫೈಲಿನಲ್ಲೇ ಇರುತ್ತದೆ.

ಮೀಡಿಯಾಇನ್ಫೊದಲ್ಲಿ ‘ಡ್ಯುರೇಶನ್’ ಜೊತೆಗೆ ‘ಸೋರ್ಸ್ ಡ್ಯುರೇಶನ್’ ಎಂಬ ಇನ್ನೊಂದು ಸಾಲು ಕಂಡರೆ, ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ. ಸೆಕೆಂಡಿನ ಸಣ್ಣ ಭಾಗವಾದರೆ ಬಿಟ್ಟುಬಿಡಿ, ಧ್ವನಿ-ಚಿತ್ರ ಹೊಂದಿಸಲು ಅಷ್ಟು ಇರುತ್ತದೆ. ಎರಡು ಸೆಕೆಂಡ್, ಮೂರು ಸೆಕೆಂಡ್ ಇದ್ದರೆ ಎಫ್‌ಎಫ್‌ಎಂಪೆಗ್ ಜೊತೆ ಬರುವ ಪ್ಲೇಯರ್ ಎಫ್‌ಎಫ್‌ಪ್ಲೇಯಲ್ಲಿ ‘ಇಗ್ನೋರ್ ಎಡಿಟ್‌ಲಿಸ್ಟ್’ ಆಯ್ಕೆ ಕೊಟ್ಟು ಓಡಿಸಿ. ಚೀಟಿಯನ್ನು ಬದಿಗಿಟ್ಟು ಇದ್ದದ್ದೆಲ್ಲ ತೋರಿಸುತ್ತದೆ. ಎರಡು ಸೆಕೆಂಡ್ ಎಂದರೆ ಒಂದು ಮುಖ, ಒಂದು ಗಾಡಿ ನಂಬರ್ ಕಾಣಲು ಸಾಕು. ಯಾರದಾದರೂ ಗುರುತು ಮರೆಸಬೇಕು ಎಂದು ಟ್ರಿಮ್ ಮಾಡುವವರು ವಿಡಿಯೊವನ್ನು ಪೂರ್ತಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಬರೀ ಟ್ರಿಮ್ ನಂಬಬೇಡಿ.

ಬೇರೆ ಟ್ರ್ಯಾಕ್‌ಗಳು

ಒಂದು ವಿಡಿಯೊದಲ್ಲಿ ಎರಡು ಆಡಿಯೊ, ಮೂರು ಸಬ್‌ಟೈಟಲ್ ಇರಬಹುದು. ವಿಎಲ್‌ಸಿ ಪ್ಲೇಯರ್‌ನ ಆಡಿಯೊ, ಸಬ್‌ಟೈಟಲ್ ಮೆನುಗಳಲ್ಲಿ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ. ಎಂಕೆವಿ ಎಂಬ ಇನ್ನೊಂದು ಜಾತಿಯ ವಿಡಿಯೊ ಫೈಲಾದರೆ ಅಟ್ಯಾಚ್‌ಮೆಂಟ್ ಕೂಡ ಇರಬಹುದು. ಗೋಪ್ರೊ ಕ್ಯಾಮೆರಾ ಚಲನೆಯ ಅಳತೆಗಳನ್ನು ಬೇರೊಂದು ಟ್ರ್ಯಾಕ್‌ನಲ್ಲಿ ಬರೆಯುತ್ತದೆ, ಜಿಪಿಎಸ್ ಇರುವ ಮಾಡೆಲ್ ಆದರೆ ಸಾಗಿದ ದಾರಿಯನ್ನೂ. ಎಕ್ಸಿಫ್‌ಟೂಲ್‌ಗೆ ಹೈಫನ್ ಹಾಕಿ ಇಂಗ್ಲಿಷಿನ ‘ಇ’ ಅಕ್ಷರ ಎರಡು ಸಲ ಕೊಟ್ಟರೆ ಅದನ್ನೆಲ್ಲ ಹೊರಗೆ ತೆಗೆಯುತ್ತದೆ.

ಕರೆಂಟಿನ ಗುಂಯ್ ಸದ್ದು

ವಿಡಿಯೊದ ಧ್ವನಿಯನ್ನು ಆಡಾಸಿಟಿ ಎಂಬ ಧ್ವನಿ ಎಡಿಟರ್‌ನಲ್ಲಿ ತೆರೆದು, ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಂ ನೋಟಕ್ಕೆ, ಅಂದರೆ ಯಾವ ಕಂಪನಾಂಕದ ಸದ್ದು ಯಾವಾಗ ಇದೆ ಎಂದು ತೋರಿಸುವ ಚಿತ್ರಕ್ಕೆ, ಬದಲಿಸಿ. ಕೆಳಗೆ 50 ಹರ್ಟ್ಜ್‌ನಲ್ಲೋ 100 ಹರ್ಟ್ಜ್‌ನಲ್ಲೋ ಒಂದು ತೆಳು ಗೆರೆ ಕಾಣಬಹುದು. ಫ್ಯಾನು, ಟ್ಯೂಬ್‌ಲೈಟಿನ ಚೋಕು, ಫ್ರಿಜ್ಜು, ಇವುಗಳ ಗುಂಯ್ ಎನ್ನುವ ಸದ್ದು ಅದು. ನಮ್ಮ ವಿದ್ಯುತ್ತು 50 ಹರ್ಟ್ಜ್, ಅಮೆರಿಕದ್ದು 60. ಬೆಂಗಳೂರಿನ ಮನೆಯಲ್ಲಿ ತೆಗೆದದ್ದು ಎಂದ ವಿಡಿಯೊದಲ್ಲಿ ಗೆರೆ 60ರಲ್ಲಿ ಇದ್ದರೆ ಪ್ರಶ್ನೆ ಕೇಳಬೇಕಾಗುತ್ತದೆ.

ಇದರ ಮುಂದಿನ ಹೆಜ್ಜೆ ಇನ್ನೂ ಸೊಗಸು. ವಿದ್ಯುತ್ತಿನ ಈ 50 ನಿಂತಲ್ಲಿ ನಿಲ್ಲುವುದಿಲ್ಲ. ಬೇಡಿಕೆ ಏರಿದರೆ ಸ್ವಲ್ಪ ಇಳಿಯುತ್ತದೆ, ಬೇಡಿಕೆ ತಗ್ಗಿದರೆ ಸ್ವಲ್ಪ ಏರುತ್ತದೆ. ಆ ಏರಿಳಿತ ಒಂದು ಗ್ರಿಡ್‌ನ, ಅಂದರೆ ಒಟ್ಟಿಗೆ ಜೋಡಿಸಿದ ವಿದ್ಯುತ್ ಜಾಲದ, ಎಲ್ಲ ಊರಿನಲ್ಲೂ ಒಂದೇ. ಇದನ್ನು ದಿನವೂ ದಾಖಲಿಸಿಟ್ಟಿದ್ದರೆ ವಿಡಿಯೊದ ಗುಂಯ್ ಸದ್ದನ್ನು ಅದರ ಜೊತೆ ಹೋಲಿಸಿ, ಯಾವಾಗ ರೆಕಾರ್ಡ್ ಆಯಿತು ಎಂದು ಹೇಳಬಹುದು. ರೊಮೇನಿಯಾದ ಕ್ಯಾಟಲಿನ್ ಗ್ರಿಗೊರಸ್ ಈ ವಿಧಾನಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 2005ರ ಸುಮಾರಿಗೆ ಇಂಥ ದಾಖಲೆ ಇಡಲು ಶುರು ಮಾಡಿದರು. ನಮ್ಮ ಕಡೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನು ಚಾಲೂ ಆದಾಗ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ನೊಂದಿಗೆ ಒಂದಾಯಿತು. ಅಂದಿನಿಂದ ರಾಯಚೂರಿನ ಫ್ಯಾನಿಗೂ ದೆಹಲಿಯ ಫ್ಯಾನಿಗೂ ಒಂದೇ ತಾಳ. ಹಾಗಾಗಿ ನಮ್ಮಲ್ಲಿ ಈ ಗೆರೆ ಸಮಯದ ಸುಳಿವು ಕೊಡಬಹುದು, ಯಾವ ಊರು ಎಂದು ಹೇಳಲಾರದು.

ಸಮಯ ಹೊಂದಿಸುವುದು ಪ್ರಯೋಗಾಲಯದ ಕೆಲಸ. ಆದರೆ ಗೆರೆ ನಡುವೆ ತಟ್ಟನೆ ಮುರಿದು ಬೇರೆ ಮಟ್ಟಕ್ಕೆ ಹಾರಿದರೆ ಅದನ್ನು ನೀವೂ ಗುರುತಿಸಬಹುದು. ಆ ನಿಮಿಷ-ಸೆಕೆಂಡ್ ಬರೆದುಕೊಂಡು ಅಲ್ಲಿನ ಚಿತ್ರವನ್ನು ಫ್ರೇಮ್ ಫ್ರೇಮಾಗಿ ನೋಡಿ. ವಿಎಲ್‌ಸಿಯಲ್ಲಿ ಇಂಗ್ಲಿಷಿನ ‘ಇ’ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಚಿತ್ರದ ಚುಕ್ಕಿಗಳ ಬಣ್ಣದಲ್ಲೇ ಸಂದೇಶ ಅಡಗಿಸುವ ಸ್ಟೆಗನೋಗ್ರಫಿಯೂ ಇದೆ. ಚುಕ್ಕಿಯ ಕೊನೆಯ ಬಿಟ್‌ನಲ್ಲಿ ಬರೆದದ್ದು ವಾಟ್ಸಾಪ್‌ನಂಥ ಕುಗ್ಗಿಸುವ ದಾರಿಯಲ್ಲಿ ಬಂದರೆ ಅಳಿಸಿಹೋಗುತ್ತದೆ. ಫಾರ್ವರ್ಡ್ ಆಗಿ ಬಂದ ವಿಡಿಯೊದಲ್ಲಿ ಅದನ್ನು ಹುಡುಕಿ ಸಮಯ ಕಳೆಯಬೇಡಿ.

ಬರೆದಿಡುವುದು

ಪ್ರತಿ ಹೆಜ್ಜೆಯನ್ನೂ ಆಗಲೇ ಬರೆಯಿರಿ: ಫೈಲಿನ ಹೆಸರು, ಗಾತ್ರ, ಹ್ಯಾಶ್, ಯಾರಿಂದ, ಯಾವಾಗ, ಯಾವ ದಾರಿಯಲ್ಲಿ ಬಂತು, ಯಾವ ಸಾಧನದ ಯಾವ ಆವೃತ್ತಿ ಬಳಸಿದಿರಿ. ಕಂಡದ್ದನ್ನು ಕಂಡ ಹಾಗೇ ಬರೆಯಿರಿ. ‘ವಿಡಿಯೊ ತಿರುಚಿದ್ದಾರೆ’ ಎಂದು ಬೇಡ. ‘ರೈಟಿಂಗ್ ಅಪ್ಲಿಕೇಶನ್ ಸಾಲಿನಲ್ಲಿ ಲಾವ್ಫ್ ಎಂದಿದೆ, ಫೋನಿನ ಮಾಡೆಲ್ ಇಲ್ಲ, 0:42ರಲ್ಲಿ 100 ಹರ್ಟ್ಜ್ ಗೆರೆ ಮುರಿದಿದೆ’ ಎಂದು ಬರೆಯಿರಿ. ಹುಡುಕಿಯೂ ಸಿಗದಿದ್ದನ್ನೂ ಸೇರಿಸಿ. ‘ಲೊಕೇಶನ್ ಇಲ್ಲ’ ಎಂಬ ಸಾಲಿಗೂ ಬೆಲೆ ಇದೆ. ಕೆಲಸ ಮುಗಿದ ಮೇಲೆ ಮೂಲ ಫೈಲಿನ ಹ್ಯಾಶ್ ಮತ್ತೊಮ್ಮೆ ತೆಗೆದು, ಮೊದಲು ಬರೆದಿಟ್ಟ 64 ಅಕ್ಷರಗಳ ಕೆಳಗೆ ಅದನ್ನೂ ತಾರೀಖು, ಸಮಯದ ಸಮೇತ ಬರೆಯಿರಿ.